ಕಾವಲು ಬೇಡ, ಅಳತೆ ಬೇಕು

ಮಕ್ಕಳೇ,

ಕೆಲವು ವರ್ಷಗಳ ಹಿಂದಿನ ಮಾತು. ಐದನೆಯ ಇಯತ್ತೆಯ ತರಗತಿಯಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. “ನಿಮ್ಮ ಮನೆಯಲ್ಲಿ ಯಾರು ಯಾರು ಯಾವ ಕೆಲಸ ಮಾಡುತ್ತಾರೆ? ಒಬ್ಬೊಬ್ಬರಾಗಿ ಹೇಳಿರಿ.”

ಒಬ್ಬ ಹುಡುಗ ಎದ್ದು ನಿಂತ. “ನಮ್ಮಪ್ಪ ಉದಗೀರದ ಅಡತ್ಯಾಗ ಹಮಾಲಿ ಮಾಡ್ತಾನ್ರಿ” ಎಂದ. ಇನ್ನೊಬ್ಬ, “ನಮ್ಮ ಕಾಕಾ ಉಮರಗಾದಾಗ ಟಮಟಮ್ ಹೊಡೀತಾನ್ರಿ” ಎಂದ. ಹಿಂದಿನ ಸಾಲಿನ ಒಬ್ಬ ಹುಡುಗಿ ಮೆಲ್ಲಗೆ ಎದ್ದು, “ನಮ್ಮಪ್ಪ ಹೊಲಕ್ಕ ಹೋಗ್ತಾನ್ರಿ. ನಮ್ಮವ್ವ ಏನೂ ಮಾಡಂಗಿಲ್ರಿ ಗುರೂಜಿ. ಮನ್ಯಾಗ ಇರ್ತಾಳ್ರಿ” ಎಂದಳು.

“ಮನೆಯಲ್ಲಿದ್ದು ಇಡೀ ದಿನ ಏನು ಮಾಡುತ್ತಾಳೆ?” ಎಂದು ಕೇಳಿದೆ.

“ಅಡಗಿ ಮಾಡ್ತಾಳ್ರಿ. ಆಮ್ಯಾಲ ಅಂಗಡ್ಯಾಗಿನ ಸೀರಿ ತಂದು ಫಾಲ್ ಹಚ್ಚತಾಳ್ರಿ. ನಾವು ಮಲ್ಕೊಂಡ ಮ್ಯಾಲೂ ಹಚ್ಚತಿರ್ತಾಳ್ರಿ.”

ಆ ಉತ್ತರವನ್ನು ನಾನು ಇನ್ನೂ ಮರೆತಿಲ್ಲ. ಅವಳ ಅವ್ವ ಅಂಗಡಿಯ ಸೀರೆಗಳಿಗೆ ರಾತ್ರಿಯವರೆಗೆ ಫಾಲ್ ಹಚ್ಚುತ್ತಾಳೆ. ಅದರಿಂದ ನಾಲ್ಕು ಹಣ ಬರುತ್ತದೆ. ಆ ಹಣದಿಂದಲೇ ಇವಳ ವಹಿ, ಪೆನ್ಸಿಲ್ಲು ಬರುತ್ತಿರಬಹುದು. ಆದರೂ ಮಗಳ ಬಾಯಲ್ಲಿ ಅವ್ವ “ಏನೂ ಮಾಡಂಗಿಲ್ಲ.” ಏಕೆ? ಅವ್ವ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುವುದಿಲ್ಲ. ಮನೆಯಲ್ಲಿಯೇ ಕುಳಿತು ದುಡಿಯುತ್ತಾಳೆ. ಅದಕ್ಕಾಗಿಯೇ ಆ ದುಡಿಮೆ ಕಣ್ಣಿಗೆ ಕಾಣುವುದಿಲ್ಲ.

ಮನೆಯಲ್ಲಿದ್ದುಕೊಂಡೇ ಇನ್ನೊಬ್ಬರ ಕೆಲಸ ಮಾಡಿಕೊಡುವವರು ನಮ್ಮ ಸುತ್ತಲೂ ಇದ್ದಾರೆ. ನೀವು ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಯಾವ ಊರಿಗೆ ಹೋದರೂ ಇಂಥವರನ್ನು ನೋಡಬಹುದು. ಒಬ್ಬರು ಬೇರೆಯವರ ಬಟ್ಟೆ ಹೊಲಿಯುತ್ತಾರೆ. ಒಬ್ಬರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದುಕೊಡುತ್ತಾರೆ. ಬೇಸಿಗೆಯಲ್ಲಿ ಹಪ್ಪಳ, ಶಾವಿಗೆ, ಸಂಡಿಗೆ ಮಾಡಿಕೊಡುವವರಿದ್ದಾರೆ. ಜೋಳದ ಕಡಕ್ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರಿದ್ದಾರೆ.

ಈಗ ಇವರ ಜೊತೆಗೆ ಹೊಸಬರೂ ಸೇರಿದ್ದಾರೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದಿಂದಾಗಿ ಶಾಲೆಗಳು ಮುಚ್ಚಿದವು. ಆ ತಿಂಗಳ 25ರಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಆಗ ನೀವು ಬಹಳ ಚಿಕ್ಕವರು. ನಿಮ್ಮಲ್ಲಿ ಕೆಲವರು ಇನ್ನೂ ತೊಟ್ಟಿಲಲ್ಲಿ ಇದ್ದಿರಬಹುದು. ಪುಣೆ, ಮುಂಬಯಿ, ಹೈದರಾಬಾದುಗಳ ಕಚೇರಿಗಳಲ್ಲಿ ಕೆಲಸ ಮಾಡುತ್ತಿದ್ದ ಹುಡುಗರು, ಹುಡುಗಿಯರು ತಮ್ಮ ತಮ್ಮ ಊರುಗಳಿಗೆ ಬಂದರು. ನಮ್ಮ ಊರಿಗೂ ಒಬ್ಬ ಹುಡುಗ ಬಂದ. ಮನೆಯೊಳಗೆ ರೇಂಜ್ ಸಿಗುತ್ತಿರಲಿಲ್ಲ. ಅದಕ್ಕಾಗಿ ಅವನು ಮಾಳಿಗೆಯ ಮೇಲೆ ಒಂದು ತಟ್ಟು ಕಟ್ಟಿಕೊಂಡು, ಅದರ ನೆರಳಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂಡುತ್ತಿದ್ದ. ಓಣಿಯವರು ಅವನ ಅವ್ವನನ್ನು, “ಯಾಕ ತಂಗಿ, ಹುಡುಗನ ನೌಕರಿ ಹೋತೇನು?” ಎಂದು ಕೇಳುತ್ತಿದ್ದರು. ಅವನ ನೌಕರಿ ಹೋಗಿರಲಿಲ್ಲ. ನೌಕರಿಯೇ ಅವನ ಮನೆಗೆ ಬಂದಿತ್ತು. ಆ ಕಾಲ ಮುಗಿದ ಮೇಲೂ ಅನೇಕ ಕಚೇರಿಗಳು ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡಲು ಒಪ್ಪಿವೆ.

ಸೀರೆಗೆ ಫಾಲ್ ಹಚ್ಚುವ ಅವ್ವ ಮತ್ತು ಮಾಳಿಗೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡ ಹುಡುಗ, ಇವರಿಬ್ಬರ ಕೆಲಸ ಬೇರೆ. ಸಂಬಳವೂ ಬೇರೆ. ಆದರೆ ಒಂದು ಮಾತು ಇಬ್ಬರಿಗೂ ಸಮಾನ. ಕೆಲಸ ಕೊಟ್ಟ ಮಾಲಕ ದೂರದಲ್ಲಿದ್ದಾನೆ. ಕೆಲಸ ಮಾಡುವವರು ಅವನ ಕಣ್ಣಿಗೆ ಕಾಣುವುದಿಲ್ಲ.

ಕಾಣದವರಿಂದ ಕೆಲಸ ಮಾಡಿಸುವುದು ಹೇಗೆ? ಇದೇ ಇಂದಿನ ನಮ್ಮ ವಿಷಯ. ನೀವು ಇನ್ನೂ ಚಿಕ್ಕವರು, ನಿಮಗೇಕೆ ಇದು ಎನ್ನಬೇಡಿರಿ. ನಾಳೆ ನಿಮ್ಮಲ್ಲಿ ಕೆಲವರು ಕೆಲಸ ಕೊಡುವವರಾಗುತ್ತೀರಿ, ಕೆಲವರು ಕೆಲಸ ಮಾಡುವವರಾಗುತ್ತೀರಿ. ಅಷ್ಟೇ ಅಲ್ಲ, ಇಂದೂ ಸಹ ನೀವೆಲ್ಲರೂ ಮನೆಯಲ್ಲಿ ಕೆಲಸ ಮಾಡುವವರೇ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಒಂದು ಹಳೆಯ ಗಾದೆ ಇದೆ. “ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ.” ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕೆಂದು ಹೇಳಲು ಈ ಗಾದೆ ಒಳ್ಳೆಯದು. ಆದರೆ ಕೆಲವು ಮಾಲಕರು ಇದನ್ನು ಬೇರೆ ರೀತಿಯಲ್ಲಿ ತಿಳಿದಿದ್ದಾರೆ. ಕಣ್ಣು ಮುಂದೆ ಇಲ್ಲದಿದ್ದರೆ ಆಳು ಕೆಲಸ ಮಾಡುವುದೇ ಇಲ್ಲ ಎಂದು ಅವರ ನಂಬಿಕೆ. ಅದಕ್ಕಾಗಿ ಅವರು ಕಾವಲು ಇಡುತ್ತಾರೆ. ತಾಸಿಗೊಮ್ಮೆ ಫೋನು ಮಾಡಿ, “ಎಲ್ಲಿದ್ದೀ? ಏನು ಮಾಡುತ್ತಿದ್ದೀ?” ಎಂದು ಕೇಳುತ್ತಾರೆ. ಕಂಪ್ಯೂಟರಿನ ಗುಂಡಿಗಳನ್ನು ಎಷ್ಟು ಸಲ ಒತ್ತಿದರೆಂದು ಎಣಿಸುವ ಯುಕ್ತಿಗಳೂ ಬಂದಿವೆ. ನಡುನಡುವೆ ಪರದೆಯ ಚಿತ್ರ ತೆಗೆದು ಮಾಲಕನಿಗೆ ಕಳಿಸುವ ಯುಕ್ತಿಗಳೂ ಇವೆ.

ಇದು ಸರಿಯೇ? ಸರಿಯಲ್ಲವೆಂದು ನನ್ನ ಅಭಿಪ್ರಾಯ. ಏಕೆಂದು ತಿಳಿಯಲು ನಿಮ್ಮ ಗೃಹಪಾಠವನ್ನೇ ನೆನಪಿಸಿಕೊಳ್ಳಿರಿ. ನಾನು ಶಾಲೆಯಲ್ಲಿ ಹತ್ತು ಲೆಕ್ಕ ಕೊಡುತ್ತೇನೆ. ನೀವು ಮನೆಯಲ್ಲಿ ಮಾಡುತ್ತೀರಿ. ಅಂದರೆ ನೀವು ಮನೆಯಿಂದ ಕೆಲಸ ಮಾಡುವವರು, ನಾನು ಕೆಲಸ ಕೊಟ್ಟವನು. ರಾತ್ರಿ ನಾನು ನಿಮ್ಮ ಮನೆಗೆ ಬಂದು ಕಿಟಕಿಯಲ್ಲಿ ಇಣುಕಿ, “ಪೆನ್ಸಿಲ್ ಎಷ್ಟು ಸಲ ಎತ್ತಿದಿ?” ಎಂದು ಎಣಿಸಿದರೆ ನಿಮಗೆ ಹೇಗೆ ಅನಿಸುತ್ತದೆ? ನಿಮ್ಮ ಕಣ್ಣು ಕಿಟಕಿಯ ಕಡೆಗೆ ಇರುತ್ತದೆ, ವಹಿಯ ಕಡೆಗೆ ಇರುವುದಿಲ್ಲ. ಕೆಲವರು ಬರೆದಂತೆ ನಟಿಸಲೂಬಹುದು. ನನಗೆ ಬೇಕಾದದ್ದು ಸರಿಯಾದ ಹತ್ತು ಲೆಕ್ಕ. ಮರುದಿನ ವಹಿ ನೋಡಿದರೆ ಅದು ತಿಳಿಯುತ್ತದೆ. ಕಿಟಕಿಯಲ್ಲಿ ಇಣುಕುವುದು ಕಾವಲು. ವಹಿ ನೋಡುವುದು ಅಳತೆ. ಕಾವಲು ಮನುಷ್ಯನನ್ನು ನೋಡುತ್ತದೆ, ಅಳತೆ ಕೆಲಸವನ್ನು ನೋಡುತ್ತದೆ.

ಆದರೆ ಅಳತೆ ಮಾಡುವವನೂ ತಪ್ಪು ಮಾಡಬಹುದು. ನಾನೇ ಒಂದು ಸಲ ತಪ್ಪು ಮಾಡಿದ್ದೇನೆ. ಅದನ್ನು ಮುಚ್ಚಿಡದೆ ನಿಮಗೆ ಹೇಳುತ್ತೇನೆ.

ಶಾಲೆ ಮುಚ್ಚಿದ್ದ ಆ 2020ರಲ್ಲಿ ನಾವು ಶಿಕ್ಷಕರು ಮಕ್ಕಳಿಗೆ ಫೋನಿನ ಮೇಲೆ ಪಾಠ ಕಳಿಸುತ್ತಿದ್ದೆವು. ಮಕ್ಕಳು ಬರೆದು, ಅದರ ಚಿತ್ರ ತೆಗೆದು ನಮಗೆ ಕಳಿಸಬೇಕಾಗಿತ್ತು. ಒಬ್ಬ ಹುಡುಗನಿಂದ ಎಂಟು ದಿನ ಏನೂ ಬರಲಿಲ್ಲ. ನಾನು ನನ್ನ ವಹಿಯಲ್ಲಿ ಅವನ ಹೆಸರಿನ ಮುಂದೆ “ಆಲಸಿ” ಎಂದು ಬರೆದೆ. ಮುಂದೆ ಓಡಾಟಕ್ಕೆ ಸ್ವಲ್ಪ ಸಡಿಲು ಸಿಕ್ಕಾಗ ಅವನ ಮನೆಗೆ ಹೋದೆ. ಮನೆಯಲ್ಲಿ ಇದ್ದುದು ಒಂದೇ ಫೋನು. ಅದು ಅವನ ಅಪ್ಪನ ಕೂಡ ಹೊಲಕ್ಕೆ ಹೋಗುತ್ತಿತ್ತು. ಅಪ್ಪ ಮರಳಿ ಬರುವಾಗ ಕತ್ತಲೆಯಾಗುತ್ತಿತ್ತು. ಹುಡುಗ ರಾತ್ರಿ ಪಾಠ ನೋಡಿಕೊಂಡು ಬೆಳಿಗ್ಗೆ ಬರೆಯುತ್ತಿದ್ದ. ಬರೆದ ಮೇಲೆ ಚಿತ್ರ ತೆಗೆದು ಕಳಿಸಲು ಫೋನು ಮನೆಯಲ್ಲಿ ಇರುತ್ತಿರಲಿಲ್ಲ. ವಹಿ ಮುಗಿದಿತ್ತು, ಅಂಗಡಿ ಮುಚ್ಚಿತ್ತು. ಅದಕ್ಕಾಗಿ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಬರೆದಿದ್ದ. ಎಂಟು ದಿನದ ಪಾಠವೂ ಅಲ್ಲಿತ್ತು. ಒಂದೂ ಬಿಟ್ಟಿರಲಿಲ್ಲ.

ನಾನು ಮನೆಗೆ ಬಂದು ನನ್ನ ವಹಿಯಲ್ಲಿ ಬರೆದ ಆ ಮಾತನ್ನು ಅಳಿಸಿದೆ. ಆದರೆ ಮನಸ್ಸಿನಿಂದ ಅದು ಇನ್ನೂ ಅಳಿದಿಲ್ಲ. ಅವನು ಕೆಲಸ ಮಾಡಿದ್ದ, ನಾನು ಕೇಳದೆ ನಿರ್ಣಯ ಮಾಡಿದ್ದೆ. ಕೆಲಸ ಬರಲಿಲ್ಲ ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ “ಏಕೆ ಮಾಡಲಿಲ್ಲ?” ಎಂಬುದಲ್ಲ. “ನಿನಗೆ ಏನು ಅಡಚಣಿ ಆಗಿದೆ?” ಎಂಬುದು. ಎದುರಿಗೆ ಕುಳಿತವನ ಅಡಚಣಿ ನಮಗೆ ಕಾಣುತ್ತದೆ. ದೂರದವನ ಅಡಚಣಿ ಕೇಳಿದರೆ ಮಾತ್ರ ತಿಳಿಯುತ್ತದೆ.

ದೂರದಲ್ಲಿ ಇರುವವರ ಕೂಡ ಒಳ್ಳೆಯ ರೀತಿಯಲ್ಲಿ ಕೆಲಸ ನಡೆಸಿದವರು ಇದ್ದಾರೆಯೇ? ಇದ್ದಾರೆ. ನಮ್ಮ ಮಹಾರಾಷ್ಟ್ರದಲ್ಲಿಯೇ ಇದ್ದಾರೆ. ನೀವು ಲಿಜ್ಜತ್ ಹಪ್ಪಳ ತಿಂದಿರಬಹುದು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಹೆಣ್ಣುಮಕ್ಕಳು ಒಂದು ಕಟ್ಟಡದ ಮಾಳಿಗೆಯ ಮೇಲೆ ಕೂಡಿದರು. 80 ರೂಪಾಯಿ ಸಾಲ ತಂದಿದ್ದರು. ಅಂದು ನಾಲ್ಕು ಪೊಟ್ಟಣ ಹಪ್ಪಳ ಮಾಡಿದರು. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಗೌರವ ದೊರೆಯಿತು. ಇಂದು ಆ ಸಂಸ್ಥೆಯಲ್ಲಿ ನಲವತ್ತು ಸಾವಿರಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಇದ್ದಾರೆ. ಅವರಲ್ಲಿ ಬಹಳ ಜನರು ಹಪ್ಪಳ ಲಟ್ಟಿಸುವುದು ತಮ್ಮ ತಮ್ಮ ಮನೆಯಲ್ಲಿಯೇ.

ಇಷ್ಟು ಜನರ ಕೆಲಸ ಹೇಗೆ ನಡೆಯುತ್ತದೆ ನೋಡಿರಿ. ಹಿಟ್ಟನ್ನು ಶಾಖೆಯಲ್ಲಿಯೇ ನಾದುತ್ತಾರೆ. ಹೀಗಾಗಿ ಎಲ್ಲರಿಗೂ ಒಂದೇ ತರಹದ ಹಿಟ್ಟು ಸಿಗುತ್ತದೆ. ಬೆಳಿಗ್ಗೆ ಎಲ್ಲರೂ ಶಾಖೆಗೆ ಬರುತ್ತಾರೆ. ನಿನ್ನೆ ಮಾಡಿದ ಹಪ್ಪಳ ಕೊಡುತ್ತಾರೆ. ಅದನ್ನು ಪರೀಕ್ಷಿಸಿ, ತೂಗಿ ನೋಡಿ, ಲಟ್ಟಿಸಿದ ಮಜೂರಿಯನ್ನು ಲೆಕ್ಕ ಮಾಡಿ ಕೊಡುತ್ತಾರೆ. ಆಮೇಲೆ ಇಂದಿನ ಹಿಟ್ಟು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಯಾರು ಎಷ್ಟು ಹೊತ್ತಿಗೆ ಲಟ್ಟಿಸಿದರು, ನಡುವೆ ಎಷ್ಟು ಸಲ ಎದ್ದು ಕೂಸಿಗೆ ಹಾಲು ಕುಡಿಸಿದರು ಎಂದು ಯಾರೂ ಕೇಳುವುದಿಲ್ಲ. ಹಪ್ಪಳ ಮಾತ್ರ ಅಳತೆಗೆ ಸರಿಯಾಗಿರಬೇಕು.

ಹಪ್ಪಳ ತಿನ್ನುವ ವಸ್ತು. ಅದಕ್ಕಾಗಿ ಮನೆ ಸ್ವಚ್ಛ ಇದೆಯೋ ಇಲ್ಲವೋ ಎಂದು ಸಂಸ್ಥೆಯವರು ಆಗಾಗ ಬಂದು ನೋಡುವುದುಂಟು. ಇದು ಕಾವಲಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಎಲ್ಲರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ನಿಯಮ ಎಲ್ಲರಿಗೂ ಒಂದೇ. ನೋಡುವುದೂ ಕೆಲಸಕ್ಕೆ ಬೇಕಾದಷ್ಟೇ. ಯಾರ ಮನೆಯಲ್ಲಿ ಹಪ್ಪಳ ಮಾಡಲು ಜಾಗ ಸಾಲದೋ ಅವರನ್ನು ಬಿಟ್ಟು ಬಿಡುವುದಿಲ್ಲ. ಶಾಖೆಯಲ್ಲಿ ಹಿಟ್ಟು ನಾದುವ ಅಥವಾ ಪೊಟ್ಟಣ ಕಟ್ಟುವ ಕೆಲಸ ಕೊಡುತ್ತಾರೆ. ಇನ್ನೊಂದು ಮಾತು. ದಿನಾಲು ಬೆಳಿಗ್ಗೆ ಎಲ್ಲರೂ ಒಂದೆಡೆ ಸೇರುವುದರಿಂದ ಯಾರೂ ಒಂಟಿಯಾಗುವುದಿಲ್ಲ. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯುತ್ತದೆ. ಹೊಸಬರು ಹಳಬರಿಂದ ಕಲಿಯುತ್ತಾರೆ. ಮನೆಯಿಂದ ಕೆಲಸ ಮಾಡುವವರಿಗೆ ಒಂಟಿತನ ದೊಡ್ಡ ತೊಂದರೆ. ನಮ್ಮೂರಿನ ಆ ಕಂಪ್ಯೂಟರಿನ ಹುಡುಗನೂ, “ಗುರೂಜಿ, ಇಡೀ ದಿನ ಮಾತಾಡ್ಲಿಕ್ಕೆ ಒಬ್ರೂ ಇಲ್ರಿ” ಎಂದು ಒಮ್ಮೆ ಹೇಳಿದ್ದ.

ಇದೇ ರೀತಿಯ ಕೆಲಸ ತಪ್ಪು ದಾರಿ ಹಿಡಿದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ದೂರ ಇಲ್ಲ. ಸೋಲಾಪುರದಲ್ಲಿ ಸಾವಿರಾರು ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ. ಎಲೆ ಮತ್ತು ತಂಬಾಕು ತಂದು, ಬೀಡಿ ಕಟ್ಟಿ ಒಯ್ದು ಕೊಡುತ್ತಾರೆ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬೀಡಿ ಸೇದುವುದು ಕೆಟ್ಟದ್ದೆಂದು ನೀವು ಬಲ್ಲಿರಿ. ತಂಬಾಕಿನ ಧೂಳು ಕಟ್ಟುವವರಿಗೂ ಕೆಟ್ಟದ್ದು. ಆ ಧೂಳು ಅವರ ಮನೆಯಲ್ಲಿಯೇ, ಅಡಿಗೆ ಮಾಡುವ ಜಾಗದಲ್ಲಿಯೇ ಬೀಳುತ್ತದೆ. ಈ ಕೆಲಸದಲ್ಲಿ ಹಳೆಯ ದೂರುಗಳು ಎರಡು. ಕೊಟ್ಟ ಎಲೆ ಕೆಟ್ಟಿದ್ದರೆ ಅಥವಾ ಕಡಿಮೆ ಬಿದ್ದರೆ ಕಟ್ಟುವವರೇ ತಮ್ಮ ಹಣದಿಂದ ಬೇರೆ ಎಲೆ ಕೊಳ್ಳಬೇಕಾಗುತ್ತದೆ. ಕಟ್ಟಿ ಒಯ್ದ ಬೀಡಿಗಳಲ್ಲಿ ಒಂದಿಷ್ಟನ್ನು “ಇವು ಸರಿಯಿಲ್ಲ” ಎಂದು ತೆಗೆದುಬಿಡುತ್ತಾರೆ. ಅವುಗಳಿಗೆ ಮಜೂರಿ ಇಲ್ಲ. ಇಲ್ಲಿಯೂ ಅಳತೆ ಇದೆ, ಆದರೆ ಅಳತೆಗೋಲು ಒಬ್ಬರ ಕೈಯಲ್ಲಿ ಮಾತ್ರ ಇದೆ. ಅಂಥ ಅಳತೆ ನ್ಯಾಯವಲ್ಲ.

ಮನೆಯಲ್ಲಿ ದುಡಿಯುವವರೂ ಕಾರ್ಮಿಕರೇ ಎಂದು ಒಪ್ಪಿಸಲು ಬಹಳ ಜನರು ದುಡಿದಿದ್ದಾರೆ. 1966ರಲ್ಲಿ ನಮ್ಮ ದೇಶದಲ್ಲಿ ಬೀಡಿ ಕಾರ್ಮಿಕರಿಗಾಗಿ ಆದ ಕಾನೂನು, ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಎಣಿಸಿತು. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ‘ಸೇವಾ’ ಎಂಬ ಸಂಘ ಕಟ್ಟಿ, ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಒಂದುಗೂಡಿಸಿದರು. ಇಂಥವರ ಪ್ರಯತ್ನದಿಂದ 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಒಪ್ಪಂದವನ್ನು ಸ್ವೀಕರಿಸಿತು. ಮನೆಯಲ್ಲಿ ಕೆಲಸ ಮಾಡುವವರನ್ನು ಉಳಿದ ಕೂಲಿಯವರಂತೆಯೇ ಸಮಾನವಾಗಿ ಕಾಣಬೇಕೆಂದು ಅದು ಹೇಳುತ್ತದೆ.

ಮಕ್ಕಳೇ, ಇಲ್ಲಿ ನಿಮಗೆ ಸಂಬಂಧಿಸಿದ ಒಂದು ಮಾತಿದೆ. ಮನೆಯಲ್ಲಿ ಕೆಲಸ ಹೆಚ್ಚಾದಾಗ ಮಕ್ಕಳನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವ ರೂಢಿ ಕೆಲವೆಡೆ ಇದೆ. ಬೀಡಿಯ ತುದಿ ಮಡಿಚಲು ಚಿಕ್ಕ ಬೆರಳುಗಳು ಅನುಕೂಲವೆನ್ನುತ್ತಾರೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಂದ ಬೀಡಿ ಕಟ್ಟಿಸುವುದು ಕಾನೂನಿಗೆ ವಿರುದ್ಧ. ಆದರೆ ಮಾಲಕ, “ನಾನು ತಾಯಿಗೆ ಕೆಲಸ ಕೊಟ್ಟೆ. ಅವಳ ಮನೆಯಲ್ಲಿ ಯಾರು ಮಾಡಿದರೆ ನನಗೇನು?” ಎನ್ನಬಹುದು. ಹಾಗೆ ಅನ್ನಬಾರದು. ಒಬ್ಬಳು ಒಂದು ದಿನದಲ್ಲಿ ಮಾಡಬಹುದಾದಷ್ಟೇ ಕೆಲಸ ಕೊಡಬೇಕು. ಅಷ್ಟು ಕೆಲಸದಿಂದ ಹೊಟ್ಟೆ ತುಂಬುವಷ್ಟು ಮಜೂರಿ ಕೊಡಬೇಕು. ಆಗ ತಾಯಿಯೇ ಮಗಳನ್ನು ಶಾಲೆಗೆ ಕಳಿಸುತ್ತಾಳೆ.

ಈಗ ನಿಮ್ಮಲ್ಲಿ ಯಾರಾದರೂ ಜಾಣರು, “ಗುರೂಜಿ, ಎಲ್ಲರೂ ಪ್ರಾಮಾಣಿಕರೇನ್ರಿ? ಮನೆಯಲ್ಲಿ ಕುಳಿತು ಮೋಸ ಮಾಡುವವರು ಇಲ್ಲೇನ್ರಿ?” ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಮೋಸ ಮಾಡುವವರು ಇದ್ದಾರೆ. ಅಣ್ಣನಿಂದ ಗೃಹಪಾಠ ಬರೆಸಿಕೊಂಡು ಬರುವ ಮಕ್ಕಳೂ ಇಲ್ಲವೇ? ಆದರೆ ಕಾವಲಿನಿಂದ ಮೋಸ ನಿಲ್ಲುವುದಿಲ್ಲ. ಕಚೇರಿಯಲ್ಲಿ ಸಾಹೇಬರ ಎದುರಿಗೆ ಕುಳಿತೇ ದಿನ ಕಳೆಯುವವರು ಇದ್ದಾರೆ. ಮೋಸ ಹಿಡಿಯಲು ಒಳ್ಳೆಯ ಅಳತೆಯೇ ಸಾಕು. ಗೃಹಪಾಠ ಬರೆಸಿಕೊಂಡು ಬಂದವನಿಗೆ ಫಳಿಯ ಮೇಲೆ ಅದೇ ಲೆಕ್ಕ ಬಿಡಿಸಲು ಹೇಳಿದರೆ ಆಯಿತು, ಎಲ್ಲವೂ ತಿಳಿಯುತ್ತದೆ. ಒಬ್ಬನು ಮೋಸ ಮಾಡಿದನೆಂದು ಉಳಿದ ಮೂವತ್ತು ಮಕ್ಕಳ ಕಿಟಕಿಯಲ್ಲಿ ಇಣುಕುವುದು ತರವಲ್ಲ.

ಕೆಲಸ ಮಾಡುವವರಿಗೂ ಒಂದು ಕರ್ತವ್ಯ ಇದೆ. ಅದನ್ನು ನಮ್ಮ ನೆರೆಯ ಬಸವಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿದ್ದಾರೆ. ಉಮರಗಾದಿಂದ ಬಸವಕಲ್ಯಾಣ ದೂರವಿಲ್ಲ. ಅಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿಗಳಿದ್ದರು. ಕೆಳಗೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದರು ಎಂದು ಕಥೆ ಇದೆ. ಅಲ್ಲಿ ಯಾವ ಮಾಲಕ ಕಾವಲು ನಿಂತಿದ್ದ? ಯಾರೂ ಇರಲಿಲ್ಲ. ಅಳತೆ ಅವರ ಮನಸ್ಸಿನಲ್ಲಿಯೇ ಇತ್ತು. ಯಾರೂ ನೋಡದಿದ್ದಾಗಲೂ ಸರಿಯಾಗಿ ಕೆಲಸ ಮಾಡುವವನೇ ನಿಜವಾದ ಕಾಯಕದವನು.

ಕೊನೆಗೆ ಇನ್ನೊಂದು ಮಾತು. ಮನೆಯಲ್ಲಿ ಕೆಲಸ ನಡೆದರೂ ಮನೆ ಮನೆಯೇ. ಕಚೇರಿಗೆ ಹೋದವರು ಸಂಜೆ ಮನೆಗೆ ಬಂದರೆ ಕೆಲಸ ಮುಗಿಯಿತು. ಮನೆಯಲ್ಲಿಯೇ ಕೆಲಸ ಇದ್ದವರಿಗೆ ಎಲ್ಲಿಂದ ಎಲ್ಲಿಗೆ ಬರಬೇಕು? ರಾತ್ರಿ ಊಟಕ್ಕೆ ಕುಳಿತಾಗಲೂ ಫೋನು ಬಾರಿಸುತ್ತದೆ. “ನಾಳೆ ಮುಂಜಾನೆ ಹತ್ತು ಸೀರೆ ಬೇಕು” ಎಂದು ಹೇಳಿ ಕಳಿಸುತ್ತಾರೆ. ಕೆಲಸಕ್ಕೆ ಹೊತ್ತು ಇರುವಂತೆ ವಿಶ್ರಾಂತಿಗೂ ಹೊತ್ತು ಇರಬೇಕು. ಯುರೋಪಿನ ಪೋರ್ಚುಗಲ್ ದೇಶ 2021ರಲ್ಲಿ ಈ ಬಗ್ಗೆ ಕಾನೂನು ಮಾಡಿತು. ಕೆಲಸದ ಹೊತ್ತು ಮುಗಿದ ಮೇಲೆ ಮಾಲಕರು ಕೆಲಸಗಾರರ ವಿಶ್ರಾಂತಿಗೆ ತೊಂದರೆ ಕೊಡಬಾರದು. ಮನೆಯಿಂದ ಕೆಲಸ ಮಾಡುವುದರಿಂದ ಹೆಚ್ಚಾಗುವ ವಿದ್ಯುತ್ತಿನ ಖರ್ಚನ್ನೂ ಅವರು ಕೊಡಬೇಕು. ಇದು ನ್ಯಾಯವಾದ ಮಾತು. ಫಾಲ್ ಹಚ್ಚುವ ಅವ್ವನ ಮನೆಯಲ್ಲಿಯೂ ರಾತ್ರಿ ದೀಪ ಉರಿಯುತ್ತದೆ. ಆ ದೀಪದ ಖರ್ಚನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

ಹಾಗಾದರೆ ಕೆಲಸ ಕೊಡುವವರು ನೆನಪಿಡಬೇಕಾದದ್ದು ಏನು? ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಕೆಲಸಕ್ಕೆ ಬೇಕಾದ ಸಾಮಾನು ಕೊಡಬೇಕು. ಎಲ್ಲರಿಗೂ ಒಂದೇ ಅಳತೆ ಇಡಬೇಕು. ಕೆಲಸ ತಡವಾದರೆ ಬೈಯುವ ಮೊದಲು ಅಡಚಣಿ ಕೇಳಬೇಕು. ಮಜೂರಿಯನ್ನು ಹೇಳಿದ ದಿನ ಕೊಡಬೇಕು. ನಡುನಡುವೆ ಎಲ್ಲರನ್ನೂ ಒಂದೆಡೆ ಸೇರಿಸಬೇಕು. ಇಷ್ಟು ಮಾಡಿದರೆ ಕಾವಲಿನ ಅವಶ್ಯಕತೆಯೇ ಬೀಳುವುದಿಲ್ಲ.

ನೀವೂ ಒಂದು ಕೆಲಸ ಮಾಡಿರಿ. ನಿಮ್ಮ ಅವ್ವ, ಅಜ್ಜಿ, ಅಕ್ಕ ಯಾರಾದರೂ ಮನೆಯಲ್ಲಿ ಕುಳಿತು ಹೊರಗಿನ ಕೆಲಸ ಮಾಡುತ್ತಿದ್ದರೆ ಅವರಿಗಾಗಿ ಒಂದು ವಹಿ ಇಡಿರಿ. ಅದರಲ್ಲಿ ಗೆರೆ ಹಾಕಿ ತಾರೀಖು, ತಂದದ್ದು ಎಷ್ಟು, ಮಾಡಿ ಕೊಟ್ಟದ್ದು ಎಷ್ಟು, ಬಂದ ಹಣ ಎಷ್ಟು, ಬಾಕಿ ಎಷ್ಟು ಎಂದು ಬರೆಯಿರಿ. ದಿನಕ್ಕೆ ಎಷ್ಟು ತಾಸು ಹಿಡಿಯಿತೆಂಬುದನ್ನೂ ಬರೆಯಿರಿ. ಇದುವರೆಗೆ ಆ ಲೆಕ್ಕ ಅಂಗಡಿಯವರ ವಹಿಯಲ್ಲಿ ಮಾತ್ರ ಇರುತ್ತಿತ್ತು. ಇನ್ನು ಮುಂದೆ ನಿಮ್ಮ ಮನೆಯಲ್ಲಿಯೂ ಇರಲಿ. ನೀವು ಕಲಿತ ಕೂಡಿಸುವ, ಕಳೆಯುವ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರಲಿ. ತಿಂಗಳ ಕೊನೆಗೆ ಅದನ್ನು ಅವ್ವನಿಗೆ ಓದಿ ಹೇಳಿರಿ.

ಆಮೇಲೆ ನಿಮ್ಮ ಗುರೂಜಿಯವರೋ ಬಾಯಿಯವರೋ, “ನಿಮ್ಮ ಅವ್ವ ಏನು ಕೆಲಸ ಮಾಡುತ್ತಾಳೆ?” ಎಂದು ಕೇಳಿದರೆ, “ಮನ್ಯಾಗ ಇರ್ತಾಳ್ರಿ” ಎಂದಷ್ಟೇ ಹೇಳಿ ಕುಳಿತುಕೊಳ್ಳಬೇಡಿರಿ. ಆ ವಹಿಯನ್ನು ತಂದು ತೋರಿಸಿರಿ.